ಶೇಷಪ್ಪನವರ ಲಾಗರ್

ಶೇಷಪ್ಪನವರು ಯಾವ ಮನೆಗೆ, ಯಾವ ಹೋಟೆಲಿಗೆ ಬಂದರೂ ಹೊಸಿಲಲ್ಲಿ ಒಂದು ಕ್ಷಣ ನಿಂತು ಮೂಗು ಅರಳಿಸುತ್ತಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನವನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ಹಿಟ್ಟು ನಿನ್ನೆ ಬೆಳಿಗ್ಗೇದು, ಇವತ್ತು ಇಡ್ಲಿ ಬೇಡ" ಎಂದು ಬಾಗಿಲಲ್ಲೇ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿಬಿಡುತ್ತಿದ್ದರು. ಅವರ ಮೂಗು ಸುಳ್ಳಾದದ್ದನ್ನು ನಾನಂತೂ ಕಾಣೆ.

ಆ ಮೂಗನ್ನು ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆ ಇಪ್ಪತ್ತೆರಡು ವರ್ಷ ದುಡಿಸಿಕೊಂಡಿತ್ತು. ಹೆಸರಿಗೆ ಟ್ಯಾಂಕು ತೊಳೆಯುವ ಕೆಲಸ. ಆದರೆ ಯಾವ ಟ್ಯಾಂಕಿನ ಬಿಯರ್ ಹದಕ್ಕೆ ಬಂದಿದೆ ಎಂದು ತಿಳಿಯಬೇಕಾದಾಗ ಮೇಲಿನವರು ಇವರನ್ನೇ ಕರೆಸುತ್ತಿದ್ದರಂತೆ. ಇವರು ಮೂಸಿ ಹೇಳಬೇಕು, ಅವರು ಗ್ಲಾಸಿನಲ್ಲಿ ರುಚಿ ನೋಡಿ ರುಜು ಹಾಕಬೇಕು. "ನಮ್ಗೆ ಮೂಗು, ಅವ್ರಿಗೆ ನಾಲಿಗೆ, ಮೇಷ್ಟ್ರೆ" ಅನ್ನುತ್ತಿದ್ದರು. ಕಾರ್ಖಾನೆ ಕೈ ಬದಲಾದಾಗ ಹಳಬರನ್ನೆಲ್ಲ ಮನೆಗೆ ಕಳಿಸಿದರು. ಶೇಷಪ್ಪನವರು ಊರಿಗೆ ಬಂದು ನಲ್ಲಿ, ಪೈಪು ರಿಪೇರಿ ಮಾಡುತ್ತ, ಹೆಂಡತಿ ಸರೋಜಕ್ಕನ ಜೊತೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದರು. ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ನಾನು ಆಗ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ ತಾತ್ಕಾಲಿಕ ಮೇಷ್ಟ್ರು.

ಒಂದು ಡಿಸೆಂಬರಿನಲ್ಲಿ ಬಂದು ಹೈಡ್ರೋಮೀಟರ್ ಕೇಳಿದರು. ದ್ರವದಲ್ಲಿ ತೇಲಿಬಿಟ್ಟು ಸಕ್ಕರೆಯ ಅಂಶವನ್ನು ಅಂದಾಜು ಮಾಡುವ ಗಾಜಿನ ಕೊಳವೆ ಅದು.

"ನಂದೇ ಅಂತ ಒಂದು ಲಾಗರ್ ಬಿಯರ್ ಮಾಡ್ಬೇಕು ಮಾರಾಯ್ರೆ. ಒಂದೇ ಸಲ. ಗ್ಲಾಸಿಗೆ ಹಾಕ್ಕೊಂಡು, ಕೂತ್ಕೊಂಡು ಕುಡೀಬೇಕು."

ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿಗೆ ವಿರುದ್ಧ ಎಂದು ಇಬ್ಬರಿಗೂ ಗೊತ್ತಿತ್ತು. ಕಾಲೇಜಿನ ಹೆಸರು ಕೆಂಪು ಬಣ್ಣದಲ್ಲಿ ಬರೆದಿದ್ದ ಮರದ ಪೆಟ್ಟಿಗೆ ಸಮೇತ ತಂದುಕೊಟ್ಟೆ.

ಹೊಟ್ಟಿರುವ ಬಾರ್ಲಿ, ಕಹಿಗೆ ಹಾಕುವ ಒಣಹೂವು, ಫ್ಲಾಸ್ಕಿನಲ್ಲಿ ಯೀಸ್ಟು, ಇಷ್ಟನ್ನೂ ಹಳೆಯ ಜೊತೆಗಾರನೊಬ್ಬ ಬೆಂಗಳೂರಿನಿಂದ ತಂದುಕೊಟ್ಟ. ಬಾರ್ಲಿ ಮೊಳಕೆ ಬರಿಸಿದ್ದು ಸರೋಜಕ್ಕ, ರಾಗಿಗೆ ಮಾಡುವ ಹಾಗೆಯೇ ಒದ್ದೆ ಬಟ್ಟೆ ಕಟ್ಟಿ. ಒಣಗಿಸಿ, ಒಡೆದು, ಬಿಸಿನೀರಲ್ಲಿ ನೆನೆಸಿ, ಸೋಸಿ, ಹೂವು ಹಾಕಿ ಕುದಿಸಿದರು. ಆರಿದ ಮೇಲೆ ಯೀಸ್ಟು ಬೆರೆಸಿ ದೊಡ್ಡ ಕ್ಯಾನಿಗೆ ತುಂಬಿದರು. ಮುಚ್ಚಿಹೋಗಿದ್ದ ಐಸ್‌ಕ್ಯಾಂಡಿ ಅಂಗಡಿಯ ಹಳೇ ಫ್ರಿಜ್ಜನ್ನು ಅವರೇ ರಿಪೇರಿ ಮಾಡಿ ಇಟ್ಟಿದ್ದರು. ಕ್ಯಾನು ಅದರೊಳಗೆ ಹೋಯಿತು.

ಎರಡು ವಾರ ಹುಳಿ ಬಂದು ನೊರೆ ಇಳಿದ ಮೇಲೆ ಇನ್ನೂ ತಂಪು ಮಾಡಿದರು. ಕರೆಂಟ್ ಹೋದಾಗೆಲ್ಲ ಮೀನಿನ ಅಂಗಡಿಗೆ ಓಡಿ ಐಸ್ ತಂದು ಸುತ್ತ ತುಂಬುತ್ತಿದ್ದರು. "ಮಗಳು ಹುಟ್ಟಿದಾಗ್ಲೂ ಇವ್ರು ಇಷ್ಟು ಕಾಯ್ಲಿಲ್ಲ" ಎಂದು ಸರೋಜಕ್ಕ ನಗುತ್ತಿದ್ದರು. ಮುಚ್ಚಳದ ಸಂದಿಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ಕೆಟ್ಟಿತೇನೋ ಎಂದೆ.

"ಎಂತ ಅವಸರ ನಿಮ್ಗೆ? ಲಾಗರ್ ಅಂದ್ರೆ ಮಲಗ್ಸಿ ಇಡೋದು. ತಂಪಲ್ಲಿ ಮಲಗಿದ್ರೆ ಈ ವಾಸ್ನೆ ತಾನಾಗೇ ಹೋಗ್ತದೆ. ಅಲ್ಲೀವರ್ಗೆ ನಾನೂ ಬಾಯಿಗಿಡೋದಿಲ್ಲ."

ಅಷ್ಟರಲ್ಲಿ ಶೃಂಗೇರಿಯಲ್ಲಿದ್ದ ಅವರ ಅಣ್ಣ ತೀರಿಕೊಂಡರು. ಗಂಡ ಹೆಂಡತಿ ಇಬ್ಬರೂ ಹೊರಟರು. ಬೀಗದ ಕೈ ನನ್ನ ಕೈಯಲ್ಲಿಟ್ಟು, "ಕರೆಂಟ್ ಹೋದ್ರೆ ಐಸ್ ಹಾಕಿ. ಮುಚ್ಚಳ ಮಾತ್ರ ತೆಗೀಬೇಡಿ" ಎಂದರು.

ಆ ಭಾನುವಾರ ಮೇಗುಂದದಲ್ಲಿ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ಊಟವಿತ್ತು. ಖಾಯಂ ಆದ ಮೂವರ ನಡುವೆ ನಾನೊಬ್ಬನೇ ತಾತ್ಕಾಲಿಕ. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ ಎಂದು ಈಗ ಹೇಳಿಕೊಳ್ಳುತ್ತೇನೆ. ನಿಜವಾಗಿ ಬೇಕಿದ್ದದ್ದು ಮೆರೆಯುವುದು. ಮುಚ್ಚಳ ತೆಗೆದು ಎರಡು ಬಾಟಲಿ ತುಂಬಿಕೊಂಡೆ. ಶೇಷಪ್ಪನವರ ಹೆಸರನ್ನೂ ಹೇಳಿದೆ. ಮೂವರೂ ಒಂದೊಂದು ಗುಟುಕು ಕುಡಿದು ಮುಖ ಕಿವಿಚಿದರು. "ಮೊಟ್ಟೆ ನೀರು ಮಾರಾಯ" ಎಂದು ನಗುತ್ತ ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿದರು. ನಾನೂ ನಕ್ಕೆ.

ಊರಿಂದ ಬಂದ ಶೇಷಪ್ಪನವರು ಫ್ರಿಜ್ಜಿನ ಬಾಗಿಲು ತೆಗೆದು ಒಂದು ಸಲ ಮೂಸಿದರು.

"ಮುಚ್ಚಳ ಯಾರೋ ತೆಗ್ದಿದಾರೆ ಮೇಷ್ಟ್ರೆ."

"ನನಗೆ ಗೊತ್ತಿಲ್ಲ" ಎಂದೆ. ಅವರು ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನ ಬಾಗಿಲು ಹಾಕಿದರು.

ನಾಲ್ಕನೆಯ ದಿನ ಮಧ್ಯಾಹ್ನ ಅಬಕಾರಿಯವರ ಜೀಪು ಬಂತು. ಬೀದಿಯವರೆಲ್ಲ ಸೇರಿದರು, ನಾನೂ ಅವರ ನಡುವೆ ನಿಂತಿದ್ದೆ. ಸ್ಯಾಂಪಲ್ ತೆಗೆದುಕೊಂಡು ಉಳಿದದ್ದನ್ನು ಚರಂಡಿಗೆ ಸುರಿದರು. ಇನ್‌ಸ್ಪೆಕ್ಟರು ಮರದ ಪೆಟ್ಟಿಗೆ ಎತ್ತಿ ಹಿಡಿದು, "ಇದು ಕಾಲೇಜಿನದ್ದಲ್ವಾ? ಯಾರು ಕೊಟ್ಟದ್ದು?" ಎಂದು ಕೇಳಿದರು.

ಶೇಷಪ್ಪನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಯಾರೂ ಕೊಟ್ಟದ್ದಲ್ಲ ಸಾರ್. ಪೈಪ್ ರಿಪೇರಿಗೆ ಹೋದಾಗ ಕದ್ದದ್ದು."

ಅಬಕಾರಿ ಕೇಸು ದಂಡದಲ್ಲಿ ಮುಗಿಯಿತು. ಕದ್ದದ್ದು ಎಂಬ ಮಾತು ಮುಗಿಯಲಿಲ್ಲ. ಕಳ್ಳನನ್ನು ಮನೆಯೊಳಗೆ ಬಿಟ್ಟುಕೊಂಡು ನಲ್ಲಿ ರಿಪೇರಿ ಮಾಡಿಸುವವರು ಯಾರು? ಕೊಪ್ಪದಲ್ಲಿ ಕೆಲಸ ನಿಂತಿತು, ಜಯಪುರದಲ್ಲೂ ನಿಂತಿತು. ಪ್ರಿನ್ಸಿಪಾಲರ ಮುಂದೆ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ವರ್ಷ ನನಗೆ ಖಾಯಂ ಆಗುವುದಿತ್ತು. ಆಡಲಿಲ್ಲ, ಖಾಯಂ ಆಯಿತು. ಶೇಷಪ್ಪನವರು ಮನೆ ಖಾಲಿ ಮಾಡಿ ನರಸಿಂಹರಾಜಪುರಕ್ಕೆ ಹೋಗಿ ಸೋಡಾ ಅಂಗಡಿಯೊಂದರಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದರು.

ಮೂರು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಸರೋಜಕ್ಕ ಕಾಫಿ ಕೊಟ್ಟು ಎದುರಿಗೆ ಕೂತರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಿಟ್ಟು ಬಸ್ಸು ತಡವಾದದ್ದನ್ನು ಹೇಳಿದೆ. ಅವರೇ ಕೇಳಿದರು.

"ನೀವು ಕುಡಿದ್ರಲ್ಲ ಮೇಷ್ಟ್ರೆ, ಹೇಗಿತ್ತು?"

ಇಬ್ಬರಿಗೂ ಮೊದಲಿಂದಲೂ ಗೊತ್ತಿತ್ತು. ಶೇಷಪ್ಪನವರು ಕೊನೆಗೂ ರುಚಿ ನೋಡದೆ ಹೋದದ್ದನ್ನು ನಾನು ಚೆಲ್ಲಿ ಬಂದಿದ್ದೆ.

"ಚೆನ್ನಾಗಿತ್ತು ಅಕ್ಕ. ತುಂಬ ಚೆನ್ನಾಗಿತ್ತು."



"ಇಲ್ಲ. ಇನ್ನೂ ಮೂರು ವಾರ ಬೇಕು ಅಂದಿದ್ರು ಅವ್ರು. ಚೆನ್ನಾಗಿರೋಕೆ ಸಾಧ್ಯ ಇಲ್ಲ."

ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು.