ಮಡುವಿಗೆ ಹೋದ ಮೀನುಗಳು

ಭದ್ರಾವತಿಯ ಉಚ್ಚಂಗಮ್ಮ ಕಳೆದ ಗುರುವಾರ ಮಧ್ಯಾಹ್ನ ತೀರಿಕೊಂಡರು. ದಿನಾ ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುವುದು ಅವರು ಹೊತ್ತ ಹರಕೆ. ಈ ಬೇಸಿಗೆಯಲ್ಲಿ ನೀರು ಎಂದಿಗಿಂತ ಬಿಸಿಯಾಗಿ, ಮೀನುಗಳ ಮೈಗೆ ದಾರದಂಥ ಹುಳುಗಳು ಕಚ್ಚಿಕೊಂಡವು. ಉಚ್ಚಂಗಮ್ಮ ಬೇವು, ಅರಿಸಿನ ಅರೆದು ಹೊಳೆಗೆ ಸುರಿದರು. ಅದು ಹರಿದುಹೋಯಿತು.

ಮೀನುಗಳನ್ನು ನೋಡಲು ಶಿವಮೊಗ್ಗದಿಂದ ಬಂದ ಮೀನುಗಾರಿಕೆ ಅಧಿಕಾರಿ ಇಂಪನಾ ಹೇಳಿದಳು: "ಮಂಡಕ್ಕಿ ಆಸೆಗೆ ಎಲ್ಲಾ ಈ ಬಿಸಿನೀರಲ್ಲೇ ಗುಂಪು ಸೇರ್ತಾವೆ ಅಜ್ಜಿ, ಒಂದರಿಂದ ಒಂದಕ್ಕೆ ಹುಳ ಅಂಟತ್ತೆ. ಹಾಕೋದು ನಿಲ್ಸಿ, ತಣ್ಣಗಿರೋ ಮಡುವಿಗೆ ಹೋಗ್ತಾವೆ."

"ಮೀನುಗಳ್ನ ಉಪವಾಸ ಕೆಡವಿದ ಪಾಪ ನಿಂಗೇ ಬರ್ಲಿ ಮಾರಾಯ್ತಿ!" ಎಂದು ರೇಗಿದರೂ ಉಚ್ಚಂಗಮ್ಮ ಹರಕೆ ನಿಲ್ಲಿಸಿದರು. ಮೀನುಗಳು ಕಾಣೆಯಾದವು. ಸತ್ತೇಹೋದವೇನೋ ಎಂದು ಅವರಿಗೆ ಊಟ ಸೇರಲಿಲ್ಲ.

ಮೊದಲ ಮಳೆಗೆ ನೀರು ತಣ್ಣಗಾಯಿತು. ಆ ಗುರುವಾರ ಬೆಳಿಗ್ಗೆ ಗೆಳತಿ ಶಾಂತಮ್ಮನ ಕೈಹಿಡಿದು ಮೆಟ್ಟಿಲಿಗೆ ಬಂದರೆ, ಮೀನುಗಳು ಅಲ್ಲಿದ್ದವು. ಮೈಮೇಲೆ ಹಳೆಯ ಗಾಯದ ಕಲೆಗಳಿದ್ದವು, ಹುಳುಗಳಿರಲಿಲ್ಲ.

"ಬದುಕಿದಾವೆ ಕಣೇ ಶಾಂತಾ!"

ಖುಷಿಗೆ ಶಾಂತಮ್ಮ ಮಂಡಕ್ಕಿ ಪೊಟ್ಟಣ ಬಿಚ್ಚಿದಳು. ಮೀನುಗಳೆಲ್ಲ ಇತ್ತ ತಿರುಗಿದವು. ಉಚ್ಚಂಗಮ್ಮ ತಟ್ಟನೆ ಅದನ್ನು ಕಸಿದುಕೊಂಡು ಸೆರಗಿಗೆ ಸುರಿದುಕೊಂಡರು, ನಗುನಗುತ್ತ ಅಷ್ಟನ್ನೂ ತಾವೇ ತಿಂದರು.