ಬಾಟ್ಲಿ ಅಕ್ಕನ ಗೂಬೆಗಳು

"ಈ ಊರಿನ ಯಾವ ಗೂಬೆ ಯಾವ ಕೊಂಬೆ ಮೇಲೆ ಎಷ್ಟು ಹೊತ್ತಿಗೆ ಆಕಳಿಸುತ್ತೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ" ಎಂದು ಬಾಟ್ಲಿ ಅಕ್ಕ ಫೋನಿನಲ್ಲಿ ಕೊಚ್ಚಿಕೊಂಡಿದ್ದಳು. ಅದೂ ಯಾರ ಹತ್ತಿರ? ಮರ ಕಡಿಯಲು ಅನುಮತಿ ಕೊಡುವ ಅಧಿಕಾರಿಯ ಹತ್ತಿರ.

ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಬಾಟಲಿ ತೊಳೆದು, ಒರೆಸಿ, ಚೀಟಿ ಅಂಟಿಸಿದವಳಿಗೆ ಆ ಹೆಸರೂ ಅಂಟಿಕೊಂಡಿತ್ತು. ಅವಳು ತೊಳೆದ ಗಾಜು ಎಷ್ಟು ಶುಭ್ರವೆಂದರೆ, ಒಮ್ಮೆ ಪ್ರಿನ್ಸಿಪಾಲರು ಬಾಟಲಿಯೊಳಗಿನ ಕಪ್ಪೆಯನ್ನು ನೋಡಿ ಅದು ಗಾಳಿಯಲ್ಲಿ ನಿಂತಿದೆ ಎಂದು ಹೌಹಾರಿ, ಚಪ್ಪಲಿ ಬಿಟ್ಟು ಗೇಟಿನವರೆಗೆ ಓಡಿದ್ದರಂತೆ.

ಪ್ರಯೋಗಾಲಯದ ಹಿಂದೆ ಐದು ಮುದಿ ಮರ, ನಡುವಿನದರ ಪೊಟರೆಯಲ್ಲಿ ಒಂದು ಜೋಡಿ ಗೂಬೆ. ಒಳಗೆ ಬಂದುಹೋಗುವವರೆಲ್ಲ ಬಾಟಲಿಗಳನ್ನು ನೋಡುತ್ತಿದ್ದರೇ ಹೊರತು ಅಕ್ಕನನ್ನಲ್ಲ. ಕಿಟಕಿಯಾಚೆಯ ಆ ನಾಲ್ಕು ಕಣ್ಣು ಮಾತ್ರ ದಿನವೂ ಅವಳನ್ನೇ ನೋಡುತ್ತಿದ್ದವು. ಈಗ ಕಾರು ನಿಲ್ಲಿಸಲು ಜಾಗ ಬೇಕೆಂದು ಸೋಮವಾರ ಐದೂ ಮರಕ್ಕೆ ಗರಗಸ. ಗೂಬೆ ವಾಸವಿದೆ ಎಂದು ಅಧಿಕಾರಿ ಬರೆದರಷ್ಟೇ ಉಳಿವು.

ಭಾನುವಾರ ಬೆಳಿಗ್ಗೆ ಅಧಿಕಾರಿ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಂದರು. ಬಸ್ ಕಂಡಕ್ಟರಾಗಿ ನಿವೃತ್ತನಾದ ಅಕ್ಕನ ಗಂಡ ತಿಂಡಿಯ ಡಬ್ಬಿ ಹಿಡಿದು ಹಿಂದೆ ನಿಂತ.

ಪೊಟರೆ ಖಾಲಿ. ಹಿಂದಿನ ದಿನ ಮರಗಳಿಗೆ ನಂಬರಿನ ತಗಡು ಬಡಿದ ಸದ್ದಿಗೆ ಎರಡೂ ಎಲ್ಲೋ ಹಾರಿಹೋಗಿದ್ದವು.

"ಹೋಗ್ಲಿ ಬಿಡಮ್ಮ" ಎಂದರು ಅಧಿಕಾರಿ. "ಗೂಬೆ ತಿಂದ ಇಲಿಯ ಮೂಳೆ, ಕೂದಲನ್ನ ಉಂಡೆ ಮಾಡಿ ಕಕ್ಕುತ್ತಲ್ಲ, ಬುಡದಲ್ಲಿ ಅಂಥದ್ದೊಂದು ಉಂಡೆ ತೋರ್ಸಿ. ಸಾಕು."

ಅಕ್ಕ ಬುಡದ ಕಡೆ ನೋಡಿದಳು. ಮರದ ಬುಡ ಮದುವೆ ಮನೆಯ ಅಂಗಳದ ಹಾಗೆ ಥಳಥಳಿಸುತ್ತಿತ್ತು. ಮೂರು ವರ್ಷದಿಂದ ಪ್ರತಿ ಶನಿವಾರ ಒಂದೊಂದು ಉಂಡೆಯನ್ನೂ ಹೆಕ್ಕಿ ಬಾಟಲಿಗೆ ಹಾಕಿ, ನೆಲ ಗುಡಿಸಿ, ಕಾಂಡದ ಮೇಲಿನ ಬಿಳಿ ಹಿಕ್ಕೆಯನ್ನೂ ಬ್ರಷ್ಷಿನಲ್ಲಿ ಉಜ್ಜಿ ತೊಳೆದವಳು ಅವಳೇ.

"ಉಂಡೆ ಎಲ್ಲ ನಾನೇ ಹೆಕ್ಕಿ, ಮರಾನೂ ಉಜ್ಜಿ ತೊಳೆದ್ಬಿಟ್ಟಿದೀನಿ. ಒಳಗೆ ನೂರಾ ನಲವತ್ತು ಬಾಟ್ಲಿ ಇವೆ ಸಾರ್, ತಾರೀಖು ಸಮೇತ."

"ಅವು ಇದೇ ಮರದ್ದು ಅಂತ ಬಾಟ್ಲಿ ಬಂದು ಸಾಕ್ಷಿ ಹೇಳುತ್ತಾ?"

ಗಂಡ ಮೆಲ್ಲಗೆ ಕೇಳಿದ: "ಮನೆ ಮೆಟ್ಲು ಗುಡಿಸೋಕೆ ಪುರುಸೊತ್ತಿಲ್ಲ ಅಂತಿದ್ದೆ. ಇಲ್ಲಿ ಮರದ ಬೆನ್ನು ಉಜ್ತಿದ್ಯಾ?"

"ಸುಮ್ನಿರ್ರೀ. ನನ್ನ ಕೈಗೆ ನಾನೇ ಬರೆ ಹಾಕ್ಕೊಳ್ಳೋಣ ಅನ್ನಿಸ್ತಿದೆ."

ಆಮೇಲೆ ಶುರುವಾಯಿತು ಹುಡುಕಾಟ. ನೀರಿನ ಟ್ಯಾಂಕಿನ ಅಡಿ, ಬೀಗ ಬಿದ್ದ ಮುದ್ರಣಾಲಯದ ಸೂರು, ಗ್ರಂಥಾಲಯದ ಅಟ್ಟ. ಕತ್ತೆತ್ತಿ ಕತ್ತೆತ್ತಿ ಅಕ್ಕನ ಕೊರಳು ಒಂದು ಗೇಣು ಉದ್ದವಾಯಿತೆಂದು ಗಂಡ ಇವತ್ತಿಗೂ ಆಣೆ ಮಾಡುತ್ತಾನೆ. ಗೂಬೆ ಕಂಡರೆ ಕಾಗೆಗಳು ಮುತ್ತಿ ಕೂಗುತ್ತವೆ. ಹಾಗೆ ಕೂಗಿದ ಕಡೆಗೆಲ್ಲ ಅವಳು ಏದುಸಿರು ಬಿಡುತ್ತಾ ಓಡಿದಳು. ಮೊದಲ ಸಲ ಬೆಕ್ಕು ಸಿಕ್ಕಿತು, ಎರಡನೆಯ ಸಲ ಹರಿದ ಗಾಳಿಪಟ. ಮೂರನೆಯ ಸಲ ಕಾಗೆಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು.

ಮಧ್ಯಾಹ್ನದ ಡಬ್ಬಿಯನ್ನು ಅವಳು ಮುಟ್ಟಲಿಲ್ಲ. ಮರದ ಬುಡದಲ್ಲಿ ಮಂಡಿಯೂರಿ, ಬೇರುಗಳ ಸಂದಿಯ ಮಣ್ಣನ್ನು ಬೆರಳಿನಿಂದ ಕೆದಕತೊಡಗಿದಳು. ಇಲಿಯ ಒಂದು ಹಲ್ಲಾದರೂ ಸಿಗಲಿ, ನನ್ನ ಕಣ್ತಪ್ಪಿ ಉಳಿದ ಒಂದೇ ಒಂದು ಕೊಳೆಯಾದರೂ ಸಿಗಲಿ ಎಂದು ಬೇಡಿಕೊಂಡಳು. ಉಗುರು ಕಿತ್ತು ರಕ್ತ ಬಂತು. ಗಂಡ ತಮಾಷೆ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಪಕ್ಕದಲ್ಲಿ ಕೂತು ತಾನೂ ಕೆದಕಿದ. ಏನೂ ಸಿಗಲಿಲ್ಲ.

ಬಿಸಿಲು ಇಳಿಯಿತು. ಅಧಿಕಾರಿ ನಮೂನೆ ತೆಗೆದರು. ಅದರಲ್ಲಿ ಮೂರು ಚೌಕ: ಇದೆ, ಇಲ್ಲ, ಮರುಪರಿಶೀಲನೆ. ಕೊನೆಯದಕ್ಕೆ ಗುರುತು ಬಿದ್ದರೆ ಇನ್ನೊಮ್ಮೆ ಬಂದು ನೋಡುವವರೆಗೆ ಗರಗಸ ಕಾಯಬೇಕು. ಪೆನ್ನು ನಡುವಿನ ಚೌಕದ ಮೇಲೆ ಇಳಿಯುವಷ್ಟರಲ್ಲಿ ಅಕ್ಕನ ಮಣ್ಣುಗೈ ಕಾಗದದ ಮೇಲೆ ಬಿತ್ತು.

"ಕೈ ತೆಗೀರಮ್ಮ. ಬೆಳಗ್ಗೆಯಿಂದ ನೋಡಿದ್ವಿ, ಕಾಣಲಿಲ್ಲ. ಕಾಣಲಿಲ್ಲ ಅಂದ್ರೆ ಇಲ್ಲ ಅಂತಾನೇ ತಾನೆ?"

ಅಕ್ಕ ಕೈ ತೆಗೆಯಲಿಲ್ಲ.

"ನಮ್ಮ ಮನೆಯವರು ದಿನಾ ಬೆಳಗ್ಗೆ ಬೀರು ಮುಂದೆ ನಿಂತು ಅಂಗಿ ಇಲ್ಲ ಅಂತಾರೆ ಸಾರ್. ಹಾಗಂತ ನಾನು ಮೂವತ್ತು ವರ್ಷ ಅವರನ್ನ ಬರಿಮೈಯಲ್ಲಿ ಬಸ್ ಹತ್ತಿಸಿಲ್ಲ. ಇನ್ನೊಂದ್ಸಲ ನೋಡಿ ಅಂದಿದೀನಿ. ನೀವೂ ಇನ್ನೊಂದ್ಸಲ ಬಂದು ನೋಡಿ."