ಟೊಲೆಡೊ ಯಾರಿಗೂ ತೋರಿಸದ ತೋಳು

ನೆಬ್ರಾಸ್ಕಾದ ಮೆಕ್ಕೆಜೋಳದ ಸೀಮೆಯಲ್ಲಿ ಹುಟ್ಟಿದ ಲುಮೀರ್ ಕೊವಾಂಡನಿಗೆ ಚೆಂಡು ಎಸೆಯಲು ಬರುತ್ತಿರಲಿಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡದ ಪರವಾಗಿ ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಆದವನಿಗೆ ಇದು ಸಣ್ಣ ಕೊರತೆಯೇನಲ್ಲ. ಆದರೂ ಪ್ಲಮ್ ಕ್ರೀಕ್ ಕಾಲೇಜಿನ ತಂಡಕ್ಕೆ ಅವನೇ ಕ್ವಾರ್ಟರ್‌ಬ್ಯಾಕ್. ತಂಡದಲ್ಲಿದ್ದ ಒಬ್ಬನೇ ಒಬ್ಬ ಒಳ್ಳೆಯ ಎಸೆತಗಾರ ಬೇಸಿಗೆ ರಜೆಯಲ್ಲಿ ಮಠ ಸೇರಿ ಸನ್ಯಾಸಿಯಾಗಿಬಿಟ್ಟಿದ್ದ. ಉಳಿದವರಲ್ಲಿ ಆಟದ ಪಟ್ಟುಗಳನ್ನೆಲ್ಲ ನೆನಪಿಟ್ಟುಕೊಳ್ಳಬಲ್ಲವನು ಲುಮೀರ್ ಮಾತ್ರ.

"ಚೆಂಡು ಕೈಗೆ ಬಂತಾ, ಹಿಂದಿಂದ ಓಡಿಬರೋ ನಮ್ಮೋನ ಹೊಟ್ಟೆಗೆ ಒತ್ತು, ಪಕ್ಕಕ್ಕೆ ಸರಿ," ಎಂದಿದ್ದ ಕಾಲೇಜಿನ ಕೋಚ್. "ಎಸೆಯೋಣ ಅಂತ ಅನ್ಸಿದ್ರೆ ದೇವರನ್ನ ನೆನೆಸ್ಕೋ, ಹೊರಟೋಗುತ್ತೆ."

ಲುಮೀರ್ ಅದನ್ನೇ ಪಾಲಿಸಿದ. ಬಿಸಿ ಸಾರಿನ ಪಾತ್ರೆ ದಾಟಿಸುವವನ ಎಚ್ಚರದಿಂದ ಕಾಲೇಜು ಮುಗಿಯುವವರೆಗೂ ಚೆಂಡು ದಾಟಿಸಿದ. ಒಮ್ಮೆ ಮಾತ್ರ, ಎದುರಾಳಿಗಳು ಮೈಮೇಲೆ ಬಿದ್ದಾಗ, ಗಾಬರಿಯಲ್ಲಿ ಎಸೆದುಬಿಟ್ಟ. ಬಯಲಿನ ಗಾಳಿಗೆ ಸಿಕ್ಕ ಚೆಂಡು ಎದುರಾಳಿಯೊಬ್ಬನ ಶಿರಸ್ತ್ರಾಣಕ್ಕೆ ಬಡಿದು ಲುಮೀರನ ಕೈಗೇ ವಾಪಸು ಬಂತು. ಓಡದೆ ಬೇರೆ ದಾರಿ ಕಾಣದೆ ಓಡಿದ; ಮೈದಾನದ ಕೊನೆಯ ಗೆರೆ ದಾಟಿ ಅಂಕ ಗಳಿಸಿದ. ಊರಿನ ವಾರಪತ್ರಿಕೆಯಲ್ಲಿ ಕಣ್ಣು ಮುಚ್ಚಿಕೊಂಡು ಓಡುತ್ತಿರುವ ಅವನ ಫೋಟೊ ಬಂತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಅದು ಎಪ್ಪತ್ತರ ದಶಕ. ಕಾಲೇಜು ಮುಗಿಸಿದ ಹುಡುಗರನ್ನು ವೃತ್ತಿ ತಂಡಗಳು ಸರದಿಯ ಮೇಲೆ ಹೆಸರು ಕೂಗಿ ಆರಿಸಿಕೊಳ್ಳುವ ದಿನ ಲುಮೀರ್ ಅಮ್ಮನ ಅಡುಗೆಮನೆಯಲ್ಲಿ ಗಸಗಸೆ ತುಂಬಿದ ಕೊಲಾಚಿ ಬನ್ನು ತಿನ್ನುತ್ತ ಕುಳಿತಿದ್ದ. ಫೋನು ಬಂತು.

"ಕೊವಾಂಡನೇನಪ್ಪ? ನಾನು ಬ್ರಾಂಡ್‌ವಾಲ್ಡ್, ಟೊಲೆಡೊ ಮ್ಯೂಲ್ಸ್ ತಂಡದ ಮ್ಯಾನೇಜರ್. ನಿನ್ನನ್ನ ಆರಿಸಿದೀವಿ. ಅಂದ ಹಾಗೆ, ಈಗ ಎಷ್ಟು ತೂಗ್ತೀಯ?"

"ನೂರಾ ಅರವತ್ತು ಪೌಂಡು, ಸಾರ್."

"ಒಂದು ಕಾಲಿನ ತೂಕ ಕೇಳ್ಲಿಲ್ಲಪ್ಪ. ಇಡೀ ಆಳಿಂದು."

"ಇಡೀ ಆಳಿಂದೇ ಸಾರ್. ಈಗಷ್ಟೇ ತಿಂಡಿ ತಿಂದಿದೀನಿ, ಒಂದೆರಡು ಹೆಚ್ಚಿರಬೋದು."

ಆ ಕಡೆಯಿಂದ ಸರಸರ ಕಾಗದ ಮಗುಚುವ ಸದ್ದು ಕೇಳಿಸಿತು.

ನಡೆದದ್ದು ಇಷ್ಟು. ಟೆಕ್ಸಾಸಿನಲ್ಲಿ ಲಮಾರ್ ಕೊವಾಂಡ ಎಂಬ ಇನ್ನೊಬ್ಬನಿದ್ದ. ಗೋದಾಮಿನ ಬಾಗಿಲಿನಷ್ಟು ಅಗಲದ ಆಳು. ಕ್ವಾರ್ಟರ್‌ಬ್ಯಾಕಿನ ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವವನು. ಆಯ್ಕೆ ನಡೆಯುತ್ತಿದ್ದ ನ್ಯೂಯಾರ್ಕಿನ ಸಭಾಂಗಣದಲ್ಲಿದ್ದ ತನ್ನ ಮನುಷ್ಯನಿಗೆ ಬ್ರಾಂಡ್‌ವಾಲ್ಡ್ ಫೋನಿನಲ್ಲಿ ಆ ಹೆಸರು ಹೇಳುವಾಗ ಬಾಯಿತುಂಬ ಹಂದಿಮಾಂಸದ ಸ್ಯಾಂಡ್‌ವಿಚ್ ಇತ್ತು. ಲಮಾರ್ ಹೋಗಿ ಲುಮೀರ್ ಆಯಿತು. ತಿದ್ದುವಷ್ಟರಲ್ಲಿ ಹೆಸರು ಕೂಗಿಯಾಗಿತ್ತು.

ಸಂಜೆ ಪತ್ರಕರ್ತರು ಮುತ್ತಿಕೊಂಡು ಕೇಳಿದರು, ಹೆಸರು ಕೇಳಿರದ ಕಾಲೇಜಿನ ಈ ನರಪೇತಲನನ್ನು ಯಾಕೆ ಆರಿಸಿದಿರಿ ಎಂದು. ತಪ್ಪಾಯಿತು ಎಂದಿದ್ದರೆ ಒಂದು ದಿನದ ನಗುವಿಗೆ ಮುಗಿಯುತ್ತಿತ್ತು. ಆದರೆ ಬ್ರಾಂಡ್‌ವಾಲ್ಡ್ ಹೆಂಡತಿಯ ಎದುರು ಕೂಡ ತಪ್ಪು ಒಪ್ಪಿಕೊಂಡವನಲ್ಲ. "ಮುಂದೆ ಈ ಆಟ ಹೆಂಗಾಗುತ್ತೆ ಅಂತ ನಿಮಗೇನ್ರಯ್ಯ ಗೊತ್ತು? ಆ ಹುಡುಗನ ತೋಳು ನೋಡಿರೋನು ನಾನೊಬ್ಬನೇ," ಎಂದ. ನೋಡಿರಲಿಲ್ಲ.

ಟೊಲೆಡೊದಲ್ಲಿ ಆ ತೋಳನ್ನು ಮೊದಲು ನೋಡಿದವನು ಕೋಚ್ ಸ್ಟ್ರೌಡ್. ಲುಮೀರ್ ಎಸೆದ ಚೆಂಡು ಗುಂಡು ತಗುಲಿದ ಬಾತುಕೋಳಿಯಂತೆ ಒದ್ದಾಡಿ ಹತ್ತಿರದಲ್ಲೇ ಬಿತ್ತು. ಸ್ಟ್ರೌಡ್ ಹೋಗಿ ನೀರಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತ.

"ಇನ್ನೊಂದು ಎಸೀಲಾ, ಕೋಚ್?"

"ಬ್ಯಾಡಪ್ಪ. ನನಗೆ ಮನೆಲಿ ಮಕ್ಕಳಿದಾವೆ."

ಬಾಯಿಬಿಟ್ಟರೆ ಬಣ್ಣಗೇಡು ಎಂದು ಬ್ರಾಂಡ್‌ವಾಲ್ಡ್ ತೀರ್ಮಾನಿಸಿದ. ಮ್ಯೂಲ್ಸ್ ಎಂಬ ಹೆಸರಿಗೆ ತಕ್ಕಂತೆ ತಂಡ ಸಾಕಿದ್ದ ಹೇಸರಗತ್ತೆಯನ್ನು ಕಟ್ಟುತ್ತಿದ್ದ ಕೊಟ್ಟಿಗೆಯ ಕಿಟಕಿಗಳಿಗೆಲ್ಲ ಟಾರ್ಪಾಲು ಹೊಡೆಸಿ, ಲುಮೀರನ ಅಭ್ಯಾಸ ಇನ್ನು ಅಲ್ಲೇ, ಯಾರೂ ನೋಡಕೂಡದು ಎಂದು ಅಪ್ಪಣೆ ಮಾಡಿದ. ಮುಚ್ಚಿಟ್ಟಷ್ಟೂ ಜನರ ಕುತೂಹಲ ಉಬ್ಬಿತು. ಎದುರಾಳಿ ತಂಡವೊಂದು ಛಾವಣಿಗೆ ಡಾಂಬರು ಬಳಿಯುವವನ ವೇಷದಲ್ಲಿ ಗೂಢಚಾರನನ್ನು ಕಳಿಸಿತು. ಅವನು ಬಿರುಕಿನಿಂದ ಇಣುಕಿದಾಗ ಲುಮೀರ್ ಕತ್ತೆಗೆ ಕ್ಯಾರೆಟ್ ತಿನ್ನಿಸುತ್ತಿದ್ದ. ಚೆಂಡು ಬೇಕಾಗಿಯೇ ಇಲ್ಲ, ಏನೋ ಹೊಸ ವಿದ್ಯೆ ಎಂದು ಅವನು ವರದಿ ಮಾಡಿದನಂತೆ.

ಲುಮೀರನಿಗೆ ನಾಚಿಕೆಯಲ್ಲಿ ಊಟ ಸೇರುತ್ತಿರಲಿಲ್ಲ. "ನನ್ನನ್ನ ಊರಿಗೆ ಕಳಿಸಿಬಿಡಿ ಸಾರ್," ಎಂದು ಬ್ರಾಂಡ್‌ವಾಲ್ಡನನ್ನು ಬೇಡಿಕೊಂಡ.

"ಕಳಿಸಿದ್ರೆ ಬೇರೆ ತಂಡದೋರು ಎತ್ತಾಕ್ಕೊಂಡು ಹೋಗ್ತಾರೆ. ಹೋದ್ರೆ ನೀನು ಎಸೀತೀಯ. ಎಸೆದ್ರೆ ನಾನು ಸತ್ತೆ. ಸುಮ್ನೆ ಬೆಂಚಿನ ಮೇಲೆ ಕೂತಿರು, ಗಂಭೀರವಾಗಿ ಕೂತಿರು."

ಹೀಗೆ ವರ್ಷಗಳು ಉರುಳಿದವು. ಆಡುತ್ತಿದ್ದವನು ಡೆಲಹಂಟಿ ಎಂಬ ಕ್ವಾರ್ಟರ್‌ಬ್ಯಾಕ್. ಒಳ್ಳೆಯ ಆಟಗಾರ, ಹಾಗಾಗಿ ಯಾರಿಗೂ ಹಿಡಿಸುತ್ತಿರಲಿಲ್ಲ. ಅವನ ಒಂದು ಎಸೆತ ತಪ್ಪಿದರೆ ಸಾಕು, ಇಡೀ ಕ್ರೀಡಾಂಗಣ "ಲುಮೀರ್, ಲುಮೀರ್" ಎಂದು ಕೂಗುತ್ತಿತ್ತು. ಆಗೆಲ್ಲ ಲುಮೀರ್ ಮೈ ಹಿಡಿಮಾಡಿಕೊಂಡು ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಎಂಥ ತಾಳ್ಮೆ ಎಂದು ಜನ ಮೆಚ್ಚುತ್ತಿದ್ದರು.

ಆಮೇಲೆ, ಬೇರೆ ತಂಡದಲ್ಲಿ ಆಡುತ್ತಿದ್ದ ಲಮಾರ್ ಕೊವಾಂಡನನ್ನೇ ಟೊಲೆಡೊ ತರಿಸಿಕೊಂಡಿತು. ಮೊದಲ ದಿನವೇ ಅವನು ಬಟ್ಟೆ ಬದಲಿಸುವ ಕೋಣೆಯಲ್ಲಿ ಲುಮೀರನ ಮುಂದೆ ಬಂದು ನಿಂತ. ದೀಪದ ಬೆಳಕು ಮರೆಯಾಯಿತು.

"ನೀನೇನೋ ಇನ್ನೊಬ್ಬ ಕೊವಾಂಡ? ಆವತ್ತು ನನ್ನ ಹೆಸರು ಕೂಗ್ತಾರೆ ಅಂತ ನಮ್ಮಪ್ಪ ಒಂದು ಹೋರಿ ಸುಟ್ಟು ಊರಿಗೆಲ್ಲ ಊಟ ಹಾಕಿದ್ದ ಕಣೋ. ನನ್ನ ಜಾಗದಲ್ಲಿ ನೀನು ಕೂತಿದೀಯ."

"ಈಗ್ಲೇ ಎದ್ದುಬಿಡ್ತೀನಿ ಅಣ್ಣ," ಎಂದ ಲುಮೀರ್. ನಿಜಕ್ಕೂ ಎದ್ದೇಬಿಟ್ಟ.

ಲಮಾರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸಿಟ್ಟು ಮಾಡಲು ಅಲ್ಲಿ ಜಾಗವೇ ಕಾಣಲಿಲ್ಲ. "ಕೂತ್ಕೊ, ಕೂತ್ಕೊ. ಊಟ ಗೀಟ ಮಾಡ್ತೀಯೋ ಇಲ್ವೋ?" ಎಂದ. ಅಂದಿನಿಂದ ಇಬ್ಬರೂ ಒಂದೇ ತಟ್ಟೆಯವರಾದರು. ತಟ್ಟೆಯಲ್ಲಿದ್ದುದರ ಮುಕ್ಕಾಲು ಪಾಲು ಮಾತ್ರ ಲಮಾರನದು.

ಒಂದು ಡಿಸೆಂಬರಿನ ಆಟದಲ್ಲಿ, ಮೊದಲರ್ಧ ಮುಗಿಯುವ ಮುಂಚೆ, ಅಂಚಿನ ಗೆರೆಯ ಬಳಿ ನಿಂತಿದ್ದ ಹೇಸರಗತ್ತೆ ಡೆಲಹಂಟಿಯ ತೊಡೆಗೆ ಒದ್ದಿತು. ಅದಕ್ಕೆ ಕಾರಣವೇನೂ ಇರಲಿಲ್ಲ. ಡೆಲಹಂಟಿಯನ್ನು ಹೊತ್ತೊಯ್ದರು. ಸ್ಟ್ರೌಡ್ ಬೆಂಚಿನ ಕಡೆ ತಿರುಗಿ, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ, "ಏಳಪ್ಪ," ಎಂದ.

ಎಪ್ಪತ್ತು ಸಾವಿರ ಜನ ಎದ್ದು ನಿಂತರು. ಕೆಲವರು ಅತ್ತರು. ಎದುರಾಳಿಗಳ ಕೋಚ್ ವರ್ಷಗಟ್ಟಲೆ ಈ ಗಳಿಗೆಗೇ ತನ್ನವರನ್ನು ತಯಾರು ಮಾಡಿದ್ದ. ಕಣ್ಣಿಗೆ ಕಾಣದಷ್ಟು ಉದ್ದಕ್ಕೆ ಎಸೆಯುತ್ತಾನೆ ಎಂದು ಎಲ್ಲರನ್ನೂ ಹಿಂದಕ್ಕೆ, ಮೈದಾನದ ಆ ತುದಿಗೆ, ಅಟ್ಟಿದ. ಲುಮೀರ್ ಚೆಂಡು ತೆಗೆದುಕೊಂಡು, ಹಿಂದಿಂದ ಬಂದವನ ಹೊಟ್ಟೆಗೆ ಒತ್ತಿ, ಪಕ್ಕಕ್ಕೆ ಸರಿದ. ಚೆಂಡು ಸಿಕ್ಕವನು ಖಾಲಿ ಬೀದಿಯಲ್ಲಿ ಹಾಲು ತರಲು ಹೋದವನಂತೆ ಸಲೀಸಾಗಿ ಓಡಿದ.

"ಮೋಸ ಕಣ್ರೋ, ಮುಂದೆ ಬರಬೇಡಿ," ಎಂದು ಎದುರಾಳಿ ಕೋಚ್ ಅರಚಿದ. ಅವರು ಇನ್ನಷ್ಟು ಹಿಂದೆ ಸರಿದರು. ಕತ್ತಲಾಗುವವರೆಗೂ ಲುಮೀರ್ ಅದೊಂದೇ ಕೆಲಸ ಮಾಡಿದ. ಟೊಲೆಡೊ ಗೆದ್ದಿತು. ಎಸೆಯದೆಯೇ ಗೆದ್ದ ಮಹಾಮೇಧಾವಿ ಎಂದು ಪತ್ರಿಕೆಗಳು ಕೊಂಡಾಡಿದವು.

ಮುಂದಿನ ಆಟದ ಎದುರಾಳಿ ತಂಡಕ್ಕೆ ಹೊಸ ಕೋಚ್ ಬಂದಿದ್ದ. ಕೆನಡಾದವನು, ಪತ್ರಿಕೆ ಓದುವ ಅಭ್ಯಾಸವಿರಲಿಲ್ಲ, ಲುಮೀರ್ ಯಾರೆಂದೇ ತಿಳಿಯದು. ಅವನ ಹುಡುಗರು ನೇರವಾಗಿ ನುಗ್ಗಿದರು. ಲಮಾರ್ ಸಾಧ್ಯವಾದಷ್ಟು ಜನರನ್ನು ತಡೆದ, ಇಬ್ಬರ ಮೇಲೆ ಕುಳಿತುಕೊಂಡ. ಟೊಲೆಡೊ ಅಂಕದಲ್ಲಿ ಬಹಳ ಹಿಂದೆ ಬಿದ್ದಾಗ ಎಸೆಯದೆ ಗತಿಯಿರಲಿಲ್ಲ. ಲುಮೀರ್ ದೇವರನ್ನು ನೆನೆದ; ಈ ಸಲ ಯೋಚನೆ ಹೊರಟುಹೋಗಲಿಲ್ಲ. ಎಸೆದ. ಚೆಂಡು ಲಮಾರನ ಬೆನ್ನಿಗೆ ತಪ್ಪನೆ ಬಡಿಯಿತು.

"ಏನಾಯ್ತೋ?" ಎಂದ ಲಮಾರ್ ತಿರುಗಿ.

"ಎಸೆದೆ ಅಣ್ಣ."

"ಓ. ಯಾರೋ ಬೆನ್ನು ತಟ್ಟಿದ್ರು ಅಂದ್ಕೊಂಡೆ."

ಉಳಿದ ಎಸೆತಗಳೂ ಅದೇ ಜಾತಿಯವು. ಸೋಲು ಎಷ್ಟು ದೊಡ್ಡದಿತ್ತೆಂದರೆ ಕೊನೆಗೆ ಅಂಕದ ಹಲಗೆಯವನು ಬೇಸತ್ತು ಮನೆಗೆ ಹೋದ. ಪತ್ರಕರ್ತರು ಸುತ್ತುವರಿದಾಗ ಲುಮೀರನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. "ನಾನು ಎಸೆಯೋದೇ ಹಿಂಗೆ," ಎಂದ ನಗುತ್ತ. "ಯಾವಾಗ್ಲೂ ಹಿಂಗೇ. ಅವರು ಕರೆದಿದ್ದು ಲಮಾರನ್ನ, ಬಂದೋನು ನಾನು."

ಯಾರೂ ನಂಬಲಿಲ್ಲ. ತೋಳಿನ ನೋವು ನುಂಗಿಕೊಂಡು ಊರಿಗಾಗಿ ಆಡಿದ, ಕೇಳಿದರೆ ತಮಾಷೆ ಮಾಡುತ್ತಾನೆ ಎಂದು ಬರೆದರು. ಬ್ರಾಂಡ್‌ವಾಲ್ಡನಿಗೆ ಹೋದ ಜೀವ ಬಂತು. ಬೆಳಗಾಗುವಷ್ಟರಲ್ಲಿ ಗಟ್ಟಿಮುಟ್ಟಾದ ಆ ಬಲತೋಳಿಗೆ ಭುಜದಿಂದ ಬೆರಳಿನವರೆಗೆ ಪ್ಲಾಸ್ಟರು ಹಾಕಿಸಿ, ತೆರೆದ ಕಾರಿನಲ್ಲಿ ಮೆರವಣಿಗೆ ಮಾಡಿಸಿ, ಆಟದಿಂದ ಬೀಳ್ಕೊಟ್ಟ. ಮುದುಕಿಯರು ಪ್ಲಾಸ್ಟರನ್ನು ಮುಟ್ಟಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

ನೆಬ್ರಾಸ್ಕಾದ ಮನೆಯಲ್ಲಿ ಅಮ್ಮ ಒಟಿಲಿ ಕೋಳಿ ಕತ್ತರಿಸುವ ಕತ್ತರಿ ತಂದು ಪ್ಲಾಸ್ಟರನ್ನು ಸೀಳಿದಳು.

"ಏನಾಗಿತ್ತೋ ಕೈಗೆ?"

"ಏನೂ ಇಲ್ಲಮ್ಮ."

"ಮತ್ತೆ ಇದು?"

"ಟೊಲೆಡೊದವರಿಗೆ ಬೇಕಿತ್ತು."

ಅಮ್ಮ ಪ್ಲಾಸ್ಟರಿನ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಕೈ ತೊಳೆದು ಬಾ, ಊಟಕ್ಕಾಯಿತು ಎಂದಳು.

ಲುಮೀರ್ ಆ ಊರಿನಲ್ಲೇ ಶಾಲೆಯ ಬಸ್ಸು ಓಡಿಸುತ್ತ ಉಳಿದ, ಮದುವೆಯಾದ, ಹಾಯಾಗಿದ್ದ. ಬೇಸಿಗೆಯಲ್ಲಿ ಲಮಾರ್ ಬಂದು ಮಂಚ ಮುರಿದು ಹೋಗುತ್ತಿದ್ದ. ಒಮ್ಮೆ ಹೆಂಡತಿಯ ಒತ್ತಾಯಕ್ಕೆ ಲುಮೀರ್ ಚೆಂಡು ಉರುಳಿಸಿ ಗೂಟ ಕೆಡವುವ ಆಟಕ್ಕೆಂದು ಊರಿನ ಬೌಲಿಂಗ್ ಮನೆಗೆ ಹೋದ. ಅವನು ಉರುಳಿಸಿದ ಚೆಂಡು ತನ್ನ ಓಣಿ ಬಿಟ್ಟು, ಪಕ್ಕದ ಓಣಿ ದಾಟಿ, ಅದರಾಚೆ ಹುಟ್ಟುಹಬ್ಬ ಮಾಡುತ್ತಿದ್ದವರ ಗೂಟಗಳನ್ನೆಲ್ಲ ಕೆಡವಿತು. ಲುಮೀರನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು. ಹುಟ್ಟುಹಬ್ಬದ ಮುದುಕ ತನ್ನ ಕೇಕಿನ ಮೊದಲ ತುಂಡನ್ನು ತಂದು, ಬಲಗೈಗೆ ನೋವಾಗದಿರಲೆಂದು ಎಡಗೈಗೇ ಹಗುರವಾಗಿ ಕೊಟ್ಟ.